ಗಾಡಿಯ ಮುಂದೆ, ಮನೆಯ ಒಳಗೆ: ಬೀಳಗಿ ಸೀಮೆಯ ಮಹಿಳೆಯರ ಫಾಸ್ಟ್ ಫುಡ್ ಸೇವನೆ ಕುರಿತು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಅಧಿಕ ತೂಕದ ಮಹಿಳೆಯರ ಪ್ರಮಾಣ 2015–16ರ ಶೇ. 23.3ರಿಂದ 2019–21ರಲ್ಲಿ ಶೇ. 30.1ಕ್ಕೆ ಏರಿತು. ಇಂಥ ಏರಿಕೆಯನ್ನು ಆದಾಯ, ನಗರೀಕರಣ, ಮಾರುಕಟ್ಟೆಗಳ ಮೂಲಕ ವಿವರಿಸುವ ಬ್ಯಾರಿ ಪಾಪ್ಕಿನ್ ಅವರ ಆಹಾರ ಸ್ಥಿತ್ಯಂತರದ ವಾದ (1993) ಬಹುಮಟ್ಟಿಗೆ ಒಪ್ಪಿತವಾಗಿದೆ. ಫಾಸ್ಟ್ ಫುಡ್ ಸೇವನೆಯಲ್ಲಿ ಮನಸ್ಸಿನ ಪಾಲನ್ನು ಅಳೆಯಲು ಸಂಶೋಧಕರು ಹೆಚ್ಚಾಗಿ ಐಸೆಕ್ ಐಜೆನ್ ಅವರ ಯೋಜಿತ ವರ್ತನೆಯ ಸಿದ್ಧಾಂತಕ್ಕೆ (1991) ಮೊರೆಹೋಗುತ್ತಾರೆ. ವ್ಯಕ್ತಿಯ ಮನೋಭಾವ, ಆಪ್ತರ ಒಪ್ಪಿಗೆ, ಕೆಲಸ ತನ್ನ ಹಿಡಿತದಲ್ಲಿದೆಯೇ ಎಂಬ ನಂಬಿಕೆ, ಇವು ಅದರ ಮೂರು ಆಧಾರಗಳು.

ನನ್ನ ತಕರಾರು ಎರಡನೆಯ ಆಧಾರದ, ಅಂದರೆ ಆಪ್ತರ ಒಪ್ಪಿಗೆಯ ಬಗ್ಗೆ. ಈ ಚೌಕಟ್ಟಿನ ಪ್ರಶ್ನಾವಳಿ ಹೆಚ್ಚಾಗಿ ಕೇಳುವುದು ಇಷ್ಟು: ನೀವು ಇದನ್ನು ತಿನ್ನುವುದು ನಿಮ್ಮವರಿಗೆ ಒಪ್ಪಿಗೆಯೇ? ಬೀಳಗಿ, ಮುಧೋಳ, ಜಮಖಂಡಿಗಳಲ್ಲಿ ಇದಕ್ಕೆ ‘ಹೌದು’ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಪ್ಯಾಟಿಗೆ ಹೊರಟ ಸೊಸೆಗೆ ‘ಬರೂಮುಂದ ಗಿರಮಿಟ್ಟು, ಮಿರ್ಚಿ ಕಟ್ಟಿಸ್ಕೊಂಡ ಬಾ’ ಎನ್ನುವವರು ಅತ್ತೆಯೇ. ಅದೇ ಸೊಸೆ ಬಸ್‌ಸ್ಟ್ಯಾಂಡಿನ ಗಾಡಿಯ ಮುಂದೆ ಒಬ್ಬಳೇ ನಿಂತು ಅದನ್ನೇ ತಿಂದರೆ ಮಾತು ಬರುತ್ತದೆ. ಮನೆಯವರ ಒಪ್ಪಿಗೆ ತಿನಿಸಿಗಿದೆ, ತಿನ್ನುವ ಜಾಗಕ್ಕಿಲ್ಲ. ಒಂದೇ ಪ್ರಶ್ನೆಯಲ್ಲಿ ಇವೆರಡನ್ನೂ ಬೆರೆಸಿದಾಗ ಸಾಮಾಜಿಕ ಒತ್ತಡ ದುರ್ಬಲವೆಂಬ ತಪ್ಪು ಫಲಿತ ಬರುವ ಸಾಧ್ಯತೆ ಹೆಚ್ಚು.

ಜಾಗದ ಈ ಕಟ್ಟು ಗೋಬಿ ಮಂಚೂರಿಯ ಜೊತೆ ಬಂದದ್ದಲ್ಲ. ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿ ರೊಟ್ಟಿ ಬಡಿಯುವ ಕೈ ಬಹುಪಾಲು ಹೆಂಗಸರದು. ಪಂಕ್ತಿಯಲ್ಲಿ ಕೂತು ಉಣ್ಣುವವರು ಬಹುಪಾಲು ಗಂಡಸರು. ಹೊರಗಿನ ಊಟಕ್ಕೆ ದುಡಿಯುತ್ತಲೇ ಅದರಿಂದ ದೂರ ಉಳಿದವರ ಬಗ್ಗೆ ನಮ್ಮ ಆಹಾರ ಚರಿತ್ರೆ ಬರೆದಿರುವುದು ತೀರ ಕಡಿಮೆ, ಮತ್ತು ಅದು ನೋವಿನ ಸಂಗತಿ.

ಹೀಗಿರುವಲ್ಲಿ ಪಾರ್ಸಲ್ ಹೆಂಗಸರ ಹೊರಗಿನ ತಿನಿಸಿನ ಮುಖ್ಯ ರೂಪವಾಗಿದೆ ಎಂಬುದು ನನ್ನ ವಾದ. ಇದನ್ನು ಎಚ್ಚರದಿಂದಲೇ ಹೇಳಬೇಕು. ಕಾಲೇಜು ಹುಡುಗಿಯರು ಗುಂಪಾಗಿ ಪಾನಿಪುರಿ ಗಾಡಿಯ ಸುತ್ತ ನಿಲ್ಲುತ್ತಾರೆ. ಗುಂಪೇ ಅವರಿಗೆ ಮರೆ. ಜಾತ್ರೆಯಲ್ಲಿ ನಿಯಮ ಸಡಿಲ. ರಬಕವಿ-ಬನಹಟ್ಟಿಯ ನೇಕಾರ ಮನೆಗಳಲ್ಲಿ ಕಾರಣವೇ ಬೇರೆಯಿರಬಹುದು: ನೂಲು ಸುತ್ತಿದಷ್ಟಕ್ಕೆ ಕೂಲಿ ಎಂದಾಗ ಒಲೆಯ ಮುಂದೆ ಕಳೆದ ಹೊತ್ತು ನೇರ ನಷ್ಟ, ಮಗುವಿನ ಕೈಗೆ ದುಡ್ಡು ಕೊಟ್ಟು ಬಜಿ ತರಿಸುವುದು ಲೆಕ್ಕಕ್ಕೆ ಕೂಡುವ ಮಾತು. ಅಲ್ಲಿ ಮರ್ಯಾದೆಗಿಂತ ಸಮಯ ಮೇಲುಗೈ ಪಡೆದರೆ ನನ್ನ ವಾದ ಬೀಳಗಿಯಂಥ ಊರುಗಳಿಗಷ್ಟೇ ಸೀಮಿತವಾದೀತು.

ಕುಟುಂಬ ಆರೋಗ್ಯ ಸಮೀಕ್ಷೆ ಕರಿದ ತಿಂಡಿಯನ್ನು ದಿನವೂ, ವಾರಕ್ಕೊಮ್ಮೆ ಅಥವಾ ಆಗೊಮ್ಮೆ ತಿನ್ನುತ್ತೀರಾ ಎಂದು ಕೇಳುತ್ತದೆ. ಎಲ್ಲಿ, ಯಾರೊಡನೆ ಎಂದು ಕೇಳುವುದಿಲ್ಲ. ಮನೆಯ ಬಾಣಲೆಯ ಹಪ್ಪಳವೂ ಗಾಡಿಯ ಗೋಬಿಯೂ ಅಲ್ಲಿ ಒಂದೇ ಸಾಲಿನಲ್ಲಿ ಸೇರುತ್ತವೆ. ಆಹಾರ ಸುರಕ್ಷತೆಯ ಪರೀಕ್ಷೆಯ ಮಿತಿಯೂ ಇಂಥದ್ದೇ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ನಿಷೇಧ ಅಗತ್ಯ ಕ್ರಮವೇ. ಆದರೆ ಯಾರ ತಟ್ಟೆಗೆ ಆ ಗೋಬಿ ಎಷ್ಟು ಹೋಗುತ್ತಿತ್ತು ಎಂಬುದು ಇಂಥ ಪರೀಕ್ಷೆಯಿಂದ ತಿಳಿಯುವಂಥದ್ದಲ್ಲ.

2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ಮಹಿಳೆಯರ ಉಚಿತ ಬಸ್ ಪ್ರಯಾಣ, ಆಗಸ್ಟ್‌ನಲ್ಲಿ ಬಂದ ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿ ಗಾಡಿಯ ಮುಂದಿನ ಸಂಕೋಚವನ್ನು ಕರಗಿಸಿವೆಯೇ, ಪಾರ್ಸಲ್ಲನ್ನಷ್ಟೇ ಹೆಚ್ಚಿಸಿವೆಯೇ ಎಂಬುದು ಕ್ಷೇತ್ರಕಾರ್ಯದಿಂದ ತೀರ್ಮಾನವಾಗಬೇಕು. ಅದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ: ಮನೆಗೆ ಬಂದ ಪೊಟ್ಟಣ ಮಕ್ಕಳು, ಗಂಡಸರು, ಹಿರಿಯರ ಪಾಲಾದ ಮೇಲೆ ಅದನ್ನು ಹೊತ್ತು ತಂದ ಸೊಸೆಗೆ ಉಳಿಯುವುದೆಷ್ಟು? 2019–21ರ ಸಮೀಕ್ಷೆಯಲ್ಲಿ ರಾಜ್ಯದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿರುವಾಗ, ಕೊಂಡವಳನ್ನೇ ತಿಂದವಳೆಂದು ಎಣಿಸುವ ಅಧ್ಯಯನಗಳನ್ನು ಈ ಪ್ರಶ್ನೆಯಿಂದಲೇ ಮರುಪರಿಶೀಲಿಸಬೇಕಾಗಿದೆ.