ಕೆರೆಮಣ್ಣಿನ ಸುಣ್ಣ: ಬೆಂಗಳೂರು ಗ್ರಾಮಾಂತರ ಜಿಲ್ಲೆ

ಕೆರೆಯ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂಗಳು ಕಾರ್ಬೊನೇಟ್ ಖನಿಜಗಳಾಗಿ ಹೂಳಿನಲ್ಲೂ ಅದರಡಿಯ ಮಣ್ಣಿನಲ್ಲೂ ಗಟ್ಟಿಗೊಂಡಾಗ ಆಗುವ ನಿಕ್ಷೇಪವಿದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ತಗ್ಗುಗಳಲ್ಲಿ ಇದು ಬೂದು ಬಿಳುಪಿನ ಉಂಡೆಗಳಾಗಿ ಸಿಗುತ್ತದೆ. ಜನ ಇದನ್ನು ಸುಣ್ಣಕಲ್ಲು ಎನ್ನುತ್ತಾರೆ; ಭೂವಿಜ್ಞಾನದ ಬರಹಗಳಲ್ಲಿ ಕಂಕರ್ ಎಂಬ ಹೆಸರು ನಿಂತಿದೆ. ಈ ಸೀಮೆಯಲ್ಲಿ ಸುಣ್ಣಶಿಲೆಯ ಬೆಟ್ಟಗಳಿಲ್ಲ. ಇಲ್ಲಿರುವುದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ, ಅದರ ನಡುವೆ ಎದ್ದ ಗ್ರಾನೈಟ್. ಹಾಗಾದರೆ ಸುಣ್ಣ ಬಂದದ್ದೆಲ್ಲಿಂದ? ಈ ವಿಷಯದ ಇತಿಹಾಸವೆಲ್ಲ ಬಹುಪಾಲು ಈ ಒಂದು ಪ್ರಶ್ನೆಯ ಸುತ್ತ ಬೆಳೆದಿದೆ.

ಭೂವಿಜ್ಞಾನಿಗಳಿಗಿಂತ ಮೊದಲು ಇದನ್ನು ಬಲ್ಲವರು ಸುಣ್ಣಗಾರರು. ಹಳ್ಳದ ದಂಡೆ, ಹೊಲದ ತಗ್ಗುಗಳಿಂದ ಉಂಡೆಗಳನ್ನು ಆರಿಸಿ, ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಗಾರೆಗೆ ಸುಣ್ಣ ಮಾಡುವ ಕಸುಬು ಸಿಮೆಂಟು ಬರುವ ತನಕ ನಡೆದಿತ್ತು. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ದೇವನಹಳ್ಳಿಯ ಮಣ್ಣಿನ ಕೋಟೆ ಮುಂದೆ ಕಲ್ಲಿನ ಕೋಟೆಯಾದಾಗ ಅದರ ಬುರುಜುಗಳ ಫಿರಂಗಿ ಕಿಂಡಿಗಳನ್ನು ಇಟ್ಟಿಗೆ, ಸುಣ್ಣಗಳಿಂದಲೇ ಕಟ್ಟಿದರು.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಸುಣ್ಣದ ಉಂಡೆಗಳ ಜೊತೆಗೆ ಸವುಳು ಮಣ್ಣನ್ನೂ ಗಮನಿಸಿದ. ಅವನ ಪ್ರವಾಸಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿಯಾಗಿ ಉಕ್ಕುವ ಸವುಳು ಅಗಸರಿಗೆ ಬಟ್ಟೆ ಒಗೆಯಲು ಬೇಕಾಗಿತ್ತು. ಚಿತ್ರದುರ್ಗ ಸೀಮೆಯ ಮತ್ತೋಡಿನಲ್ಲಿ ಅದರಿಂದ ಬಳೆಯ ಗಾಜು ಮಾಡುತ್ತಿದ್ದರು. ಸುಣ್ಣಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್, ಸವುಳಿನ ಮುಖ್ಯ ಸತ್ವ ಸೋಡಿಯಂ ಕಾರ್ಬೊನೇಟ್. ಎರಡೂ ಒಂದೇ ಕ್ರಿಯೆಯ ಹಿಂದುಮುಂದಿನ ಹಂತಗಳೆಂದು ತಿಳಿಯಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು. 1840ರ ದಶಕದಲ್ಲಿ ದಕ್ಷಿಣ ಭಾರತದ ಭೂವಿಜ್ಞಾನದ ಬಗ್ಗೆ ಬರೆದ ಮದರಾಸು ಸೇನೆಯ ಅಧಿಕಾರಿ ಟಿ. ಜೆ. ನ್ಯೂಬೋಲ್ಡ್ ಕಂಕರಿನ ಹುಟ್ಟನ್ನು ಬುಗ್ಗೆಯ ನೀರಿಗೆ ಜೋಡಿಸಿದ. ಸುಣ್ಣವನ್ನು ಹೊತ್ತು ತಂದದ್ದು ನೀರು ಎಂಬಷ್ಟರ ಮಟ್ಟಿಗೆ ಅವನ ಊಹೆ ಸರಿ.

ಈಗ ತಿಳಿದಿರುವ ಕ್ರಮ ಹೀಗಿದೆ. ಮಳೆನೀರು ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಸೌಮ್ಯ ಆಮ್ಲವಾಗುತ್ತದೆ. ಅದು ನೈಸ್ ಶಿಲೆಯ ಪ್ಲೇಜಿಯೊಕ್ಲೇಸ್ ಎಂಬ ಫೆಲ್ಡ್‌ಸ್ಪಾರನ್ನು ಕೊರೆದಾಗ ಜೇಡಿ ಉಳಿಯುತ್ತದೆ. ಕ್ಯಾಲ್ಸಿಯಂ, ಸೋಡಿಯಂ, ಬೈಕಾರ್ಬೊನೇಟ್‌ಗಳು ನೀರಿನೊಡನೆ ತಗ್ಗಿಗೆ ಇಳಿಯುತ್ತವೆ. ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ ಬೀಳುವ ಈ ಬಯಲುಸೀಮೆಯಲ್ಲಿ ಬಿಸಿಲು ಹೀರಬಲ್ಲ ನೀರು ಅದಕ್ಕಿಂತ ಬಹಳ ಹೆಚ್ಚು. ಹಾಗಾಗಿ ಕರಗಿದ ಸುಣ್ಣ ಸಮುದ್ರ ಸೇರುವ ಮೊದಲೇ ದಾರಿಯಲ್ಲಿ ಕೂರುತ್ತದೆ. ಕೊಳವೆಬಾವಿ ನೀರು ಕಾಯಿಸುವ ಹಂಡೆಯ ಒಳಮೈಗೆ ಬಿಳಿ ಪೊರೆ ಕಟ್ಟುವುದೂ ಇದೇ ಕ್ರಿಯೆಯಿಂದ: ಇಂಗಾಲದ ಡೈಆಕ್ಸೈಡ್ ಹೊರಟುಹೋದರೆ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸೈಟ್, ಅಂದರೆ ಹರಳುಗಟ್ಟಿದ ಕ್ಯಾಲ್ಸಿಯಂ ಕಾರ್ಬೊನೇಟ್, ಬೀಳುತ್ತದೆ.

ಕೆರೆಯಲ್ಲಿ ಆ ಅನಿಲವನ್ನು ಬಿಸಿಲಿನ ಜೊತೆ ಪಾಚಿಯೂ ತೆಗೆಯುತ್ತದೆ. ಹಗಲಿನ ದ್ಯುತಿಸಂಶ್ಲೇಷಣೆಯಿಂದ ನೀರು ಕ್ಷಾರೀಯವಾಗಿ ಕ್ಯಾಲ್ಸೈಟಿನ ನುಣ್ಣನೆಯ ಹರಳುಗಳು ತಳಕ್ಕಿಳಿಯುತ್ತವೆ. ಇದನ್ನು ಒತ್ತಿ ಹೇಳಿದವರಲ್ಲಿ ಮೊದಲಿಗರು 1900ರ ಸುಮಾರಿಗೆ ಅಮೆರಿಕದ ಮಿಷಿಗನ್ ಸರೋವರಗಳ ಸುಣ್ಣಗೆಸರನ್ನೂ ಕೇರಾ ಪಾಚಿಯನ್ನೂ ಪರೀಕ್ಷಿಸಿದ ಚಾರ್ಲ್ಸ್ ಡೇವಿಸ್. 1967ರಲ್ಲಿ ಗ್ಯಾರೆಲ್ಸ್ ಮತ್ತು ಮೆಕೆಂಜಿ, ಗ್ರಾನೈಟ್ ಬಗೆಯ ಶಿಲೆಗಳಿಂದ ಇಳಿದ ಬುಗ್ಗೆನೀರು ಆವಿಯಾಗುತ್ತ ಹೋದರೆ ಏನಾಗುತ್ತದೆಂದು ಲೆಕ್ಕ ಹಾಕಿದರು. ಮೊದಲು ಕ್ಯಾಲ್ಸೈಟ್ ಬೀಳುತ್ತದೆ. ಕ್ಯಾಲ್ಸಿಯಂ ಮುಗಿದ ಮೇಲೂ ಬೈಕಾರ್ಬೊನೇಟ್ ಮಿಕ್ಕಿದ್ದರೆ ಸೋಡಿಯಂ ಕಾರ್ಬೊನೇಟಿನ ನೀರು ಉಳಿಯುತ್ತದೆ. ಬುಕಾನನ್ ಕಂಡ ಸುಣ್ಣವೂ ಸವುಳೂ ಈ ಲೆಕ್ಕದಲ್ಲಿ ಒಂದಕ್ಕೊಂದು ಕೂಡಿದವು. ನನ್ನ ದೃಷ್ಟಿಯಲ್ಲಿ ನಮ್ಮ ಸೀಮೆಯ ಮಣ್ಣನ್ನು ಇಷ್ಟು ಚೆನ್ನಾಗಿ ಬಿಡಿಸಿ ಹೇಳುವ ಬೇರೊಂದು ಪ್ರಬಂಧವಿಲ್ಲ, ಅದು ಬರೆದದ್ದು ಕ್ಯಾಲಿಫೋರ್ನಿಯದ ಬೆಟ್ಟಗಳ ಬಗ್ಗೆಯಾದರೂ.

1972ರಲ್ಲಿ ಜರ್ಮನಿಯ ಮ್ಯೂಲರ್, ಇರಿಯೋನ್, ಫೋರ್ಸ್ಟ್‌ನರ್ ಅವರು ಯಾವ ಖನಿಜ ಹುಟ್ಟಬೇಕೆಂಬುದನ್ನು ನೀರಿನ ಮೆಗ್ನೀಸಿಯಂ–ಕ್ಯಾಲ್ಸಿಯಂ ಪ್ರಮಾಣ ನಿರ್ಧರಿಸುತ್ತದೆಂದು ತೋರಿಸಿದರು: ಮೆಗ್ನೀಸಿಯಂ ಕಡಿಮೆಯಿದ್ದರೆ ಸಾದಾ ಕ್ಯಾಲ್ಸೈಟ್, ಬಹಳ ಏರಿದರೆ ಅದೇ ಕ್ಯಾಲ್ಸಿಯಂ ಕಾರ್ಬೊನೇಟಿನ ಇನ್ನೊಂದು ಹರಳುರೂಪವಾದ ಅರಗೊನೈಟ್. ಆದರೆ ಕೆರೆಯ ಬಸವನಹುಳು ಯಾವ ನೀರಿನಲ್ಲೂ ತನ್ನ ಚಿಪ್ಪನ್ನು ಅರಗೊನೈಟಿನಿಂದಲೇ ಕಟ್ಟಿಕೊಳ್ಳುತ್ತದೆ. ಹೂಳು ಪರೀಕ್ಷಿಸುವವರು ಚಿಪ್ಪಿನ ಚೂರನ್ನು ಬೇರ್ಪಡಿಸದಿದ್ದರೆ ಫಲಿತಾಂಶ ದಾರಿ ತಪ್ಪುತ್ತದೆ. ಸುಣ್ಣದ ಮೂಲದ ಪ್ರಶ್ನೆಗೆ ದಕ್ಷಿಣ ಭಾರತದಿಂದಲೇ ಉತ್ತರ ಬಂದದ್ದು 2006–07ರಲ್ಲಿ. ಸುಣ್ಣಶಿಲೆಯಿಲ್ಲದ ನೆಲದ ಕಂಕರನ್ನು ಅಧ್ಯಯನ ಮಾಡಿದ ಡ್ಯುರಾಂಡ್, ಗನೆಲ್ ಮತ್ತು ಸಂಗಡಿಗರು, ಅದರ ಕ್ಯಾಲ್ಸಿಯಂ ಶಿಥಿಲಗೊಂಡ ಸ್ಥಳೀಯ ಶಿಲೆಯಿಂದ ಬರುತ್ತದೆಂದು ವಿವರಿಸಿದರು.

ಇಂಥ ಸುಣ್ಣ ಹಳೆಯ ಹವಾಮಾನದ ದಾಖಲೆಯೂ ಹೌದು. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಭಾರದ ಆಮ್ಲಜನಕ ಹೆಚ್ಚುತ್ತದೆ, ಕ್ಯಾಲ್ಸೈಟ್ ಅದನ್ನು ಹಿಡಿದಿಡುತ್ತದೆ. ಮಹಾರಾಷ್ಟ್ರದ ಲೋಣಾರ್ ಸರೋವರದ ಹೂಳಿನಲ್ಲಿ ಸಿಕ್ಕ ಗೇಲುಸೈಟ್ ಎಂಬ ಸೋಡಿಯಂ–ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳಿಂದ, ಸುಮಾರು 4,600ರಿಂದ 3,900 ವರ್ಷಗಳ ಹಿಂದೆ ಅಲ್ಲಿ ದೀರ್ಘ ಬರವಿತ್ತೆಂದು 2013ರಲ್ಲಿ ಪ್ರಕಟವಾಯಿತು. ಬೆಂಗಳೂರು ಗ್ರಾಮಾಂತರದ ಕೆರೆಗಳು ಕಟ್ಟೆ ಹಾಕಿ ಮಾಡಿದವು; ರೈತರು ಬೇಸಿಗೆಯಲ್ಲಿ ಗೋಡು ಎತ್ತಿ ಹೊಲಕ್ಕೆ ಹೊಡೆಯುತ್ತ ಬಂದಿದ್ದಾರೆ. ಆದ್ದರಿಂದ ಕೆರೆಯಂಗಳದ ಮೇಲ್ಪದರದಲ್ಲಿ ವರುಷಗಳ ಸಾಲು ಕಡಿದಿರುತ್ತದೆ. ಓದಬೇಕಾದ ಪದರಗಳು ಕೆರೆ ಕಟ್ಟುವ ಮೊದಲೇ ಕಣಿವೆಯಲ್ಲಿ ಕೂತಿದ್ದ ಮಣ್ಣಿನಲ್ಲಿವೆ. ಯಂತ್ರಗಳಿಂದ ಆಳಕ್ಕೆ ಹೂಳೆತ್ತುವಾಗ ಹೋಗುವುದು ಅವೇ. ತೋಡಿದ ಗೋಡೆಯಿಂದ ಪದರಕ್ಕೊಂದು ಹಿಡಿ ಮಣ್ಣು ತೆಗೆದು, ಆಳ ಬರೆದಿಡುವುದಕ್ಕೆ ಹೆಚ್ಚಿನ ಖರ್ಚಿಲ್ಲ.

ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರನ್ನು ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಇಂಥ ನೀರಿನಲ್ಲಿ ರಂಜಕ, ಸಾರಜನಕಗಳು ಉಳಿದಿದ್ದರೆ ಪಾಚಿ ಬೆಳೆಯುತ್ತದೆ; ಪಾಚಿ ಬೆಳೆದ ಕೆರೆಯಲ್ಲಿ ಕ್ಯಾಲ್ಸೈಟ್ ಬೀಳಲು ಅನುಕೂಲ ಹೆಚ್ಚು. ಮಳೆಯನ್ನಷ್ಟೇ ನಂಬಿದ್ದ ಕೆರೆಗೆ ವರ್ಷವಿಡೀ ನೀರು ಬಂದಾಗ ಕೂರುವ ಸುಣ್ಣದಲ್ಲಿ ನಗರದ ನೀರಿನ ಗುರುತೂ ಸೇರುತ್ತದೆ, ಅದನ್ನು ಕೆಳಗಿನ ಪದರಗಳ ಮಳೆಗಾಲಗಳೊಡನೆ ಒಂದೇ ಅಳತೆಯಲ್ಲಿ ಓದಲು ಬರುವುದಿಲ್ಲ.