ಕಡಿಮೆ ದುಡ್ಡಿನ ಇಯರ್‌ಫೋನ್: ‘ಎಕ್ಸ್‌ಟ್ರಾ ಬೇಸ್’ ನೋಡಬೇಕಾ, ಕಿವಿಗೆ ಕೂರುವ ರಬ್ಬರ್ ನೋಡಬೇಕಾ?

“ಡ್ರೈವರ್ ದೊಡ್ಡದಿದ್ದಷ್ಟೂ ಬೇಸ್ ಜಾಸ್ತಿ.” “ದುಬಾರಿ ಇಯರ್‌ಫೋನ್ ಆದರೆ ಕಿವಿಗೆ ಏನೂ ಆಗಲ್ಲ.” “ಬ್ಲೂಟೂತ್ ಹಾಕಿಕೊಂಡರೆ ಮೆದುಳಿಗೆ ಕ್ಯಾನ್ಸರ್.” ಇಯರ್‌ಫೋನ್ ಬಗ್ಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಮಾತುಗಳು ಓಡಾಡುತ್ತಲೇ ಇರುತ್ತವೆ. ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು? ಐನೂರು, ಸಾವಿರ ರೂಪಾಯಿ ಇಟ್ಟುಕೊಂಡು ಅಂಗಡಿಗೆ ಹೋದವರು ಏನನ್ನು ನೋಡಿ ಕೊಳ್ಳಬೇಕು? ಒಂದೊಂದಾಗಿ ನೋಡೋಣ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಈ ಪ್ರಶ್ನೆ ಸ್ವಲ್ಪ ಕಷ್ಟದ್ದೇ. ಇಲ್ಲಿ ಒಬ್ಬರ ಫೋನಿನಲ್ಲೇ ಕನ್ನಡ ಸಿನಿಮಾ ಹಾಡು, ತೆಲುಗು ಸಿನಿಮಾ ಹಾಡು, ದಾಸರ ಪದ, ತಮಟೆ ವಿಡಿಯೊ, ಕವ್ವಾಲಿ ಎಲ್ಲವೂ ಇರುತ್ತವೆ. ಹರಿದಾಸ ಪರಂಪರೆಯ ಹಿರಿಯರಾದ ಶ್ರೀಪಾದರಾಜರ ಬೃಂದಾವನ ಇರುವುದು ಮುಳಬಾಗಿಲಿನ ನರಸಿಂಹ ತೀರ್ಥದಲ್ಲಿ. 2023ರಲ್ಲಿ ಪದ್ಮಶ್ರೀ ಪಡೆದ ತಮಟೆ ಕಲಾವಿದ ಮುನಿವೆಂಕಟಪ್ಪ ಅವರು ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯವರು. ಆ ಜಿಲ್ಲೆ 2007ರವರೆಗೆ ಕೋಲಾರದ್ದೇ ಭಾಗವಾಗಿತ್ತು. ಹೀಗೆ ದಾಸರ ಪದಕ್ಕೂ ತಮಟೆಗೂ ಒಂದೇ ಇಯರ್‌ಫೋನ್ ಒಗ್ಗಬೇಕು, ಅದೂ ಕಡಿಮೆ ದುಡ್ಡಿನಲ್ಲಿ!

ಯಾವ ಸಂಗೀತಕ್ಕೆ ಏನು ಬೇಕು?

ಎಳೆಯ, ಆರೋಗ್ಯವಂತ ಕಿವಿ ಸುಮಾರು 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗಿನ ಸದ್ದನ್ನು ಕೇಳಬಲ್ಲದು. ಇದರಲ್ಲಿ ಸುಮಾರು 250 ಹರ್ಟ್ಜ್‌ಗಿಂತ ಕೆಳಗಿನದನ್ನು ಬೇಸ್ ಎನ್ನುತ್ತಾರೆ. ಅಲ್ಲಿಂದ ಸುಮಾರು 4,000 ಹರ್ಟ್ಜ್‌ವರೆಗೆ ನಡುದನಿ ಅಥವಾ ಮಿಡ್. ಅದಕ್ಕಿಂತ ಮೇಲಿನದು ಟ್ರೆಬಲ್.

ಸಿನಿಮಾ ಹಾಡುಗಳು: ಈಗಿನ ಹಾಡುಗಳಲ್ಲಿ ಬೇಸ್ ಹೆಚ್ಚು. 2018ರ ‘ಕೆಜಿಎಫ್’ ಚಿತ್ರಕ್ಕೆ ರವಿ ಬಸ್ರೂರು ಕೊಟ್ಟ ಸಂಗೀತವನ್ನು ನೆನಪಿಸಿಕೊಳ್ಳಿ. ಬೇಸ್ ಇಲ್ಲದ ಇಯರ್‌ಫೋನ್‌ನಲ್ಲಿ ಅಂಥ ಸಂಗೀತ ಸಪ್ಪೆ ಎನಿಸುತ್ತದೆ.

ದಾಸರ ಪದ, ಭಾವಗೀತೆ, ಕವ್ವಾಲಿ: ಇಲ್ಲಿ ಮನುಷ್ಯರ ದನಿಯೇ ಮುಖ್ಯ. ಪದಗಳು ಬಿಡಿಬಿಡಿಯಾಗಿ ಕೇಳಬೇಕಾದರೆ 2,000ದಿಂದ 4,000 ಹರ್ಟ್ಜ್ ಭಾಗ ಚೆನ್ನಾಗಿರಬೇಕು. ಬೇಸ್ ವಿಪರೀತವಾದರೆ ಹಾಡುವವರು ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತದೆ.

ತಮಟೆ: ‘ತಮಟೆ ಕೇಳೋಕೆ ಬೇಸ್ ಬೇಕು’ ಎಂದು ಹಲವರು ಅಂದುಕೊಂಡಿದ್ದಾರೆ. ಆದರೆ ತಮಟೆಯ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡುವುದೇ ಆ ‘ಟಣ್’ ಎನ್ನುವ ಚುರುಕು ಪೆಟ್ಟಿಗಾಗಿ. ಆ ಚುರುಕು ಇರುವುದು ನಡುದನಿ ಮತ್ತು ಟ್ರೆಬಲ್‌ನಲ್ಲಿ. ಬೇಸ್ ಉಬ್ಬಿದ ಇಯರ್‌ಫೋನ್‌ನಲ್ಲಿ ತಮಟೆ ಮಂಕಾಗುತ್ತದೆ.

ನಾದಸ್ವರ: ಇದು ಮೊದಲೇ ಮೊನಚು ದನಿಯ ವಾದ್ಯ. ಟ್ರೆಬಲ್ ಅತಿಯಾಗಿರುವ ಇಯರ್‌ಫೋನ್‌ನಲ್ಲಿ ಕಿವಿಗೆ ಚುಚ್ಚುತ್ತದೆ.

ಹಾಗಾಗಿ ಎಲ್ಲ ಬಗೆಯನ್ನೂ ಕೇಳುವವರು ‘ಎಕ್ಸ್‌ಟ್ರಾ ಬೇಸ್’ ಎಂದು ಬರೆದಿರುವುದಕ್ಕಿಂತ ಸಮತೋಲನದ ದನಿ ಇರುವುದನ್ನು ಆರಿಸುವುದು ಒಳ್ಳೆಯದು. ಬೇಸ್ ಸ್ವಲ್ಪ ಹೆಚ್ಚು ಬೇಕೆನಿಸಿದಾಗ ಫೋನಿನ ಈಕ್ವಲೈಸರ್‌ನಲ್ಲಿ ಏರಿಸಬಹುದು, ಸಾಕೆನಿಸಿದಾಗ ಇಳಿಸಬಹುದು.

ದುಬಾರಿ ಆದಷ್ಟೂ ಚೆನ್ನಾಗಿರುತ್ತಾ?

ಇದನ್ನು ಸಂಶೋಧಕರು ಅಳೆದೇ ನೋಡಿದ್ದಾರೆ. ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 2017ರಲ್ಲಿ 283 ಹೆಡ್‌ಫೋನ್‌ಗಳ ಅಳತೆಗಳನ್ನು ಹೋಲಿಸಿದರು. ಕಿವಿಯೊಳಗೆ ಹಾಕುವವೂ ಅದರಲ್ಲಿದ್ದವು. ಬೇಸ್, ಮಿಡ್, ಟ್ರೆಬಲ್‌ಗಳ ಪ್ರಮಾಣಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಹೆಚ್ಚು ದುಡ್ಡು ಕೊಟ್ಟಾಗ ಗಟ್ಟಿ ವೈರು, ಒಳ್ಳೆಯ ಮೈಕ್, ಹೆಚ್ಚು ಹೊತ್ತು ಬರುವ ಬ್ಯಾಟರಿ, ವಾರಂಟಿ ಸಿಗಬಹುದು. ಒಳ್ಳೆಯ ದನಿ ಸಿಕ್ಕೇ ಸಿಗುತ್ತದೆ ಎನ್ನಲಾಗದು. ಕಿವಿಗೆ ಹಾನಿ ಆಗುವುದೂ ಬೆಲೆಯಿಂದಲ್ಲ, ವಾಲ್ಯೂಮ್‌ನಿಂದ. ಹತ್ತು ಸಾವಿರದ ಇಯರ್‌ಫೋನ್ ಕೂಡ ಜೋರಾಗಿಟ್ಟರೆ ಹಾನಿಯೇ.

ಡಬ್ಬಿಯ ಮೇಲಿನ ಅಂಕಿಗಳು ಏನು ಹೇಳುತ್ತವೆ?

‘10 ಎಂಎಂ’, ‘13 ಎಂಎಂ’: ಇದು ಒಳಗಿರುವ ಪುಟ್ಟ ಸ್ಪೀಕರಿನ ಅಗಲ. ಅಗಲ ಹೆಚ್ಚಿದ್ದರೆ ದನಿ ಚೆನ್ನಾಗಿರುತ್ತದೆ ಎಂದೇನಿಲ್ಲ. ಸರಿಯಾಗಿ ತಯಾರಿಸಿದ 6 ಎಂಎಂ ಸ್ಪೀಕರ್, ಕಿವಿಗೆ ಬಿಗಿಯಾಗಿ ಕೂತರೆ, ಸಡಿಲವಾಗಿ ಕೂತ 13 ಎಂಎಂ ಸ್ಪೀಕರಿಗಿಂತ ಹೆಚ್ಚು ಬೇಸ್ ಕೊಡಬಲ್ಲದು.

‘20 ಹರ್ಟ್ಜ್–20 ಕಿಲೋಹರ್ಟ್ಜ್’: ಹೆಚ್ಚುಕಮ್ಮಿ ಎಲ್ಲ ಡಬ್ಬಿಗಳ ಮೇಲೂ ಇದೇ ಇರುತ್ತದೆ. ಯಾವ ದನಿ ಎಷ್ಟು ಜೋರು ಎನ್ನುವುದನ್ನು ಇದು ಹೇಳುವುದಿಲ್ಲ. ಆಯ್ಕೆಗೆ ಇದರಿಂದ ಉಪಯೋಗ ಕಡಿಮೆ.

‘16 ಓಮ್’, ‘32 ಓಮ್’: ಈ ಮಟ್ಟದಲ್ಲಿದ್ದರೆ ಮಾಮೂಲಿ ಫೋನಿಗೆ ಸಾಕು. ತುಂಬಾ ಹೆಚ್ಚಿದ್ದರೆ ಫೋನಿನಲ್ಲಿ ಸದ್ದು ಕಡಿಮೆ ಬರಬಹುದು.

ಎಲ್ಲಕ್ಕಿಂತ ಮುಖ್ಯ: ತುದಿಯ ರಬ್ಬರ್

ಇಯರ್‌ಫೋನ್ ಜೊತೆ ಚಿಕ್ಕ, ಮಧ್ಯಮ, ದೊಡ್ಡ ಎಂದು ಮೂರು ಜೊತೆ ಸಿಲಿಕಾನ್ ರಬ್ಬರ್ ತುದಿಗಳು ಬರುತ್ತವೆ. ತುಂಬಾ ಜನ ಹಾಕಿಕೊಟ್ಟಿರುವ ಮಧ್ಯಮದ್ದನ್ನೇ ಬಳಸಿ, ಉಳಿದವನ್ನು ಡಬ್ಬಿಯ ಜೊತೆ ಎಸೆದುಬಿಡುತ್ತಾರೆ. ಆದರೆ ಇಯರ್‌ಫೋನ್ ಹೇಗೆ ಕೇಳುತ್ತದೆ ಎನ್ನುವುದನ್ನು ತೀರ್ಮಾನಿಸುವುದರಲ್ಲಿ ಈ ರಬ್ಬರಿನ ಪಾಲು ದೊಡ್ಡದು.

ಕಾರಣ ಸರಳ. ಪುಟ್ಟ ಸ್ಪೀಕರ್ ಕಿವಿಯ ನಾಳದೊಳಗೆ ಮುಚ್ಚಿಕೊಂಡಿರುವ ಒಂದಿಷ್ಟು ಗಾಳಿಯನ್ನು ಒತ್ತಿ ಬಿಟ್ಟು ಮಾಡಿ ಬೇಸ್ ಹುಟ್ಟಿಸುತ್ತದೆ. ರಬ್ಬರ್ ಸಡಿಲವಿದ್ದರೆ ಆ ಗಾಳಿ ಪಕ್ಕದಿಂದ ಸೋರಿಹೋಗುತ್ತದೆ. ಪಂಕ್ಚರ್ ಆದ ಟ್ಯೂಬಿಗೆ ಗಾಳಿ ಹೊಡೆದಂತೆ ಅದು. ಬೇಸ್ ಮಾಯವಾಗಿ ಬರೀ ಕೀರಲು ದನಿ ಉಳಿಯುತ್ತದೆ. ‘ಈ ಇಯರ್‌ಫೋನ್ ಸರಿಯಿಲ್ಲ’ ಎಂದು ಜನ ವಾಪಸ್ ಕೊಡುವಾಗ ಎಷ್ಟೋ ಸಲ ಸರಿಯಿಲ್ಲದಿರುವುದು ರಬ್ಬರಿನ ಸೈಜು.

ಸರಿಯಾಗಿ ಕೂತಿದೆಯೇ ಎಂದು ತಿಳಿಯುವುದು ಹೀಗೆ: ಎದುರು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆದು ಇಯರ್‌ಫೋನ್ ಹಾಕಿ, ಕಿವಿ ಬಿಡಿ. ಹಾಡು ಹಾಕದೆ ಬಾಯಿ ಮುಚ್ಚಿ ‘ಹೂಂ’ ಎನ್ನಿ. ನಿಮ್ಮ ದನಿ ತಲೆಯೊಳಗೆ ಗುಂಯ್ ಎಂದರೆ ಸರಿಯಾಗಿ ಕೂತಿದೆ ಎಂದರ್ಥ. ಎರಡು ಕಿವಿಗೂ ಒಂದೇ ಸೈಜು ಆಗಬೇಕೆಂದಿಲ್ಲ. ಎಡಕ್ಕೆ ಮಧ್ಯಮ, ಬಲಕ್ಕೆ ದೊಡ್ಡದು ಹಾಕಿದರೂ ತಪ್ಪಿಲ್ಲ. ನೋವಾಗುವಷ್ಟು ಬಿಗಿ ಮಾತ್ರ ಬೇಡ.

ಸೋಮವಾರ ಶುರುವಾಗಿ ಮಂಗಳವಾರವೇ ಮುಗಿಯುವ ಲೆಕ್ಕ

ರಬ್ಬರಿನ ವಿಷಯವನ್ನು ಇಷ್ಟು ಒತ್ತಿ ಹೇಳಲು ಇನ್ನೂ ದೊಡ್ಡ ಕಾರಣವಿದೆ. ಮಾಲೂರು, ಟೇಕಲ್ ಕಡೆಯಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗುವವರಿದ್ದಾರೆ. ರೈಲಿಲ್ಲದ ಮುಳಬಾಗಿಲಿನವರಿಗೆ ಬಸ್ಸೇ ಗತಿ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಿಗೆ ಶಿಫ್ಟ್‌ಗೆ ಹೋಗುವವರೂ ಇದ್ದಾರೆ. ಬಸ್ಸು, ರೈಲಿನ ಗುಡುಗುಡು ಸದ್ದು ಹಾಡಿನ ಬೇಸನ್ನೇ ಮೊದಲು ನುಂಗುತ್ತದೆ. ಹಾಡು ಸಪ್ಪೆ ಎನಿಸಿ ಕೈ ತಾನಾಗಿ ವಾಲ್ಯೂಮ್ ಬಟನ್‌ಗೆ ಹೋಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್‌ಗೆ ಏರಿಸಿದರೆ ವಾರಕ್ಕೆ 4 ಗಂಟೆ ಮಾತ್ರ. 100 ಡೆಸಿಬಲ್ ಆದರೆ ಇಡೀ ವಾರಕ್ಕೆ ಸುಮಾರು 20 ನಿಮಿಷ. ಡೆಸಿಬಲ್ ಲೆಕ್ಕದಲ್ಲಿ 10 ಹೆಚ್ಚಾದರೆ ಕಿವಿಗೆ ಬೀಳುವ ಶಕ್ತಿ ಹತ್ತು ಪಟ್ಟಾಗುತ್ತದೆ. ಮಕ್ಕಳಿಗೆ ಮಿತಿ ಇನ್ನೂ ಕಡಿಮೆ: 75 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ.

ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಹಾಡು ಕೇಳುವವರನ್ನು ತೆಗೆದುಕೊಳ್ಳಿ. 90 ಡೆಸಿಬಲ್‌ನಲ್ಲಿ ಕೇಳಿದರೆ ಸೋಮವಾರಕ್ಕೆ 3 ಗಂಟೆ ಖರ್ಚಾಯಿತು. ಮಂಗಳವಾರ ಬೆಳಿಗ್ಗೆ ಇಳಿಯುವ ಜಾಗ ಬರುವ ಮೊದಲೇ ವಾರದ ಪಾಲು ಖಾಲಿ! ಅದೇ 80 ಡೆಸಿಬಲ್‌ನಲ್ಲಿ ಕೇಳಿದರೆ ವಾರದ ಆರು ದಿನಕ್ಕೂ 18 ಗಂಟೆ; ಮಿತಿಯ ಅರ್ಧವೂ ಆಗುವುದಿಲ್ಲ. ಸರಿಯಾಗಿ ಕೂತ ರಬ್ಬರ್ ಹೊರಗಿನ ಸದ್ದನ್ನು ತಡೆದು, ಬೇಸನ್ನು ಉಳಿಸಿ, ಆ ಹತ್ತು ಡೆಸಿಬಲ್ ಇಳಿಸಲು ನೆರವಾಗುತ್ತದೆ.

ಫ್ಯಾಕ್ಟರಿಯ ಗದ್ದಲದಲ್ಲಿ ದುಡಿಯುವವರ ಪಾಲಿನಲ್ಲಿ ಒಂದಷ್ಟು ಕೆಲಸದಲ್ಲೇ ಖರ್ಚಾಗಿರುತ್ತದೆ. ಅವರು ದಾರಿಯಲ್ಲಿ ಇನ್ನೂ ಮೆಲ್ಲಗೆ ಕೇಳಬೇಕು. ಮೆಷಿನ್ ಸದ್ದು ತಡೆಯಲು ಇಯರ್‌ಫೋನ್ ಹಾಕಿ ಅದರ ಮೇಲೆ ಹಾಡು ಜೋರು ಮಾಡುವುದು ರಕ್ಷಣೆಯಲ್ಲ. ಅದಕ್ಕೆ ಬೇರೆಯೇ ಇಯರ್‌ಪ್ಲಗ್‌ಗಳಿವೆ.

ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ಕೋಶಗಳು ಸುಮಾರು 15,000 ಇರುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಇಯರ್‌ಫೋನ್ ತೆಗೆದ ಮೇಲೆ ಕಿವಿ ಗುಂಯ್‌ಗುಟ್ಟಿದರೆ, ಹತ್ತಿ ಇಟ್ಟಂತೆ ಮಂಕಾಗಿ ಕೇಳಿದರೆ ಅದು ಎಚ್ಚರಿಕೆ. ಮತ್ತೆ ಮತ್ತೆ ಹಾಗಾಗುತ್ತಿದ್ದರೆ ಅಥವಾ ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದಾದರೆ ತಡಮಾಡದೆ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಿ.

ವೈರ್ ಒಳ್ಳೆಯದಾ, ಬ್ಲೂಟೂತಾ?

ಒಂದೇ ಬೆಲೆಯಲ್ಲಿ ಹೋಲಿಸಿದರೆ, ದನಿಯ ಮಟ್ಟಿಗೆ ಸಾಮಾನ್ಯವಾಗಿ ವೈರ್ ಇರುವುದೇ ಲಾಭ. ಬ್ಲೂಟೂತ್ ಬಡ್ಸ್‌ನಲ್ಲಿ ನಿಮ್ಮ ದುಡ್ಡು ಬ್ಯಾಟರಿ, ಚಿಪ್, ಚಾರ್ಜಿಂಗ್ ಡಬ್ಬಿಗೂ ಹಂಚಿಹೋಗುತ್ತದೆ. ಅದರ ಬ್ಯಾಟರಿ ವರ್ಷಗಳು ಕಳೆದಂತೆ ಬಲ ಕಳೆದುಕೊಳ್ಳುತ್ತದೆ. ವೈರಿನದರಲ್ಲಿ ಮೊದಲು ಕೈಕೊಡುವುದು ಹೆಚ್ಚಾಗಿ ಪಿನ್ನಿನ ಬುಡ; ವೈರನ್ನು ಬಿಚ್ಚಿ ಬದಲಾಯಿಸಬಹುದಾದ ಮಾದರಿ ಸಿಕ್ಕರೆ ಹೆಚ್ಚು ಬಾಳಿಕೆ.

ಕೊಳ್ಳುವ ಮೊದಲು ಫೋನಿನಲ್ಲಿ ದುಂಡನೆಯ 3.5 ಎಂಎಂ ತೂತು ಇದೆಯೇ ನೋಡಿ. ಇಲ್ಲದಿದ್ದರೆ ಟೈಪ್-ಸಿ ಇಯರ್‌ಫೋನ್ ಅಥವಾ ಅಡಾಪ್ಟರ್ ಬೇಕು. ಎಲ್ಲ ಅಡಾಪ್ಟರ್‌ಗಳೂ ಎಲ್ಲ ಫೋನಿಗೆ ಆಗುವುದಿಲ್ಲ, ನಿಮ್ಮ ಫೋನಿಗೇ ಹಾಕಿ ನೋಡಿ.

ಬಡ್ಸ್‌ನಲ್ಲಿ ‘ನಾಯ್ಸ್ ಕ್ಯಾನ್ಸಲೇಷನ್’ ಇದ್ದರೆ ಎಂಜಿನ್ನಿನಂಥ ಒಂದೇ ಸಮನೆಯ ಗುಡುಗುಡು ಸದ್ದು ತಗ್ಗುತ್ತದೆ. ಪಕ್ಕದವರ ಮಾತು ಅಷ್ಟಾಗಿ ತಗ್ಗುವುದಿಲ್ಲ. ಡಬ್ಬಿಯ ಮೇಲೆ ‘ಇಎನ್‌ಸಿ’ ಎಂದಿದ್ದರೆ ಅದು ಬೇರೆ: ಫೋನ್ ಕರೆಯಲ್ಲಿ ಆ ಕಡೆಯವರಿಗೆ ಗದ್ದಲ ಕೇಳದಂತೆ ಮಾಡುವುದು ಅದರ ಕೆಲಸ. ಇವೆರಡನ್ನೂ ಒಂದೇ ಎಂದುಕೊಂಡು ಮೋಸಹೋಗಬೇಡಿ.

ಅಂಗಡಿಯಲ್ಲಿ ಹೀಗೆ ಕೇಳಿ ನೋಡಿ

1. ನಿಮ್ಮದೇ ಫೋನ್, ನಿಮಗೆ ಚೆನ್ನಾಗಿ ಗೊತ್ತಿರುವ ನಾಲ್ಕು ಹಾಡು ಸಾಕು: ಒಂದು ಸಿನಿಮಾ ಹಾಡು, ದನಿಯೇ ಮುಖ್ಯವಾದ ಒಂದು, ತಮಟೆ ಒಂದು, ನಾದಸ್ವರ ಒಂದು.
2. ಎರಡು ಇಯರ್‌ಫೋನ್ ಹೋಲಿಸುವಾಗ ಎರಡೂ ಒಂದೇ ಜೋರಿನಲ್ಲಿ ಕೇಳುವಂತೆ ವಾಲ್ಯೂಮ್ ಹೊಂದಿಸಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಎಂದು ನಮ್ಮ ಕಿವಿ ಮೋಸಹೋಗುತ್ತದೆ.
3. ಬೇರೆಯವರು ಹಾಕಿ ನೋಡಿದ್ದನ್ನು ಹಾಗೇ ಕಿವಿಗೆ ಹಾಕಬೇಡಿ. ಹೊಸ ರಬ್ಬರ್ ಕೇಳಿ ಪಡೆಯಿರಿ.
4. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ವಾಪಸ್ ಕೊಡುವ ನಿಯಮವನ್ನು ಮೊದಲು ಓದಿ.

ಹರಿದಾಡುವ ಇನ್ನೂ ಮೂರು ಮಾತುಗಳು

‘ಬ್ಲೂಟೂತ್‌ನಿಂದ ಮೆದುಳಿನ ಕ್ಯಾನ್ಸರ್’: ಬ್ಲೂಟೂತ್ ಅಲೆಗಳಿಗೆ ಎಕ್ಸ್‌ರೇಯಂತೆ ಜೀವಕೋಶದ ಡಿಎನ್‌ಎ ಮುರಿಯುವ ಶಕ್ತಿ ಇಲ್ಲ. ಬಡ್ಸ್ ಹೊಮ್ಮಿಸುವುದು ಕೆಲವೇ ಮಿಲಿವ್ಯಾಟ್. 2011ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಿಯೊ ಅಲೆಗಳನ್ನು ‘2ಬಿ’ ಗುಂಪಿಗೆ ಸೇರಿಸಿದ್ದು ನಿಜ. ಅದರರ್ಥ ‘ಕ್ಯಾನ್ಸರ್‌ಗೆ ಕಾರಣವಾಗುವ ಸಾಧ್ಯತೆ ಇರಬಹುದು, ಆದರೆ ಪುರಾವೆ ಸೀಮಿತ’ ಎಂದೇ ಹೊರತು ‘ಕ್ಯಾನ್ಸರ್ ಬರುತ್ತದೆ’ ಎಂದಲ್ಲ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ.

‘ಒಂದು ಗಂಟೆ ಹಾಕಿದರೆ ಬ್ಯಾಕ್ಟೀರಿಯಾ 700 ಪಟ್ಟು’: ಇಯರ್‌ಫೋನ್ ಇಲ್ಲದಿದ್ದರೂ ಕಿವಿಯ ಚರ್ಮದಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಅಂಕಿಗೆ ಹೆದರುವುದಕ್ಕಿಂತ ರಬ್ಬರನ್ನು ಆಗಾಗ ಬಿಚ್ಚಿ ಸೋಪಿನ ನೀರಲ್ಲಿ ತೊಳೆದು ಒಣಗಿಸಿ ಹಾಕಿ. ಒದ್ದೆ ಕಿವಿಗೆ, ಸೋರುವ ಕಿವಿಗೆ ಹಾಕಬೇಡಿ.

‘ಈ ಆ್ಯಪ್ ಹಾಕಿದರೆ ವಾಲ್ಯೂಮ್ ಎರಡು ಪಟ್ಟು’: ಇಂಥ ಆ್ಯಪ್‌ಗಳು ಹಾಡನ್ನು ಒಡೆದ ದನಿ ಮಾಡುತ್ತವೆ, ಕಿವಿಯ ಪಾಲನ್ನೂ ಬೇಗ ಮುಗಿಸುತ್ತವೆ. ಫೋನ್ ತೋರಿಸುವ ವಾಲ್ಯೂಮ್ ಎಚ್ಚರಿಕೆಯನ್ನು ಬಂದ್ ಮಾಡಬೇಡಿ.

ಕೊನೆಯದಾಗಿ, ಚೆನ್ನಾಗಿ ಕೂತ ಇಯರ್‌ಫೋನ್ ಹೊರಗಿನ ಹಾರ್ನ್ ಸದ್ದನ್ನೂ ತಡೆಯುತ್ತದೆ. ರಸ್ತೆ ದಾಟುವಾಗ, ಹಳಿ ದಾಟುವಾಗ, ಗಾಡಿ ಓಡಿಸುವಾಗ ಎರಡೂ ಕಿವಿಯಿಂದ ತೆಗೆದು ಜೇಬಿಗೆ ಹಾಕಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ: ಇಯರ್‌ಫೋನ್ ಕೊಳ್ಳುವಾಗ ಎಂಎಂ, ‘ಎಕ್ಸ್‌ಟ್ರಾ ಬೇಸ್’ ನೋಡಿ ಮರುಳಾಗಬೇಡಿ. ಮೂರೂ ಸೈಜಿನ ರಬ್ಬರ್ ಹಾಕಿ ನೋಡಿ, ‘ಹೂಂ’ ಎಂದು ಪರೀಕ್ಷಿಸಿ. ಸರಿಯಾಗಿ ಕೂತ ಮೇಲೆ ವಾಲ್ಯೂಮ್ ಎರಡು ಗೆರೆ ಇಳಿಸಿ. ಹಾಡು ಅಷ್ಟೇ ಚೆನ್ನಾಗಿ ಕೇಳುತ್ತದೆ, ಕಿವಿಯೂ ಉಳಿಯುತ್ತದೆ.