ಮರ ಮುಟ್ಟಿದರೆ ಅದೃಷ್ಟ ಉಳಿಯುವುದೇ?

'ಈ ವರ್ಷ ಮನೆಯಲ್ಲಿ ಯಾರಿಗೂ ಕಾಯಿಲೆಯಿಲ್ಲ, ಟಚ್ ವುಡ್' ಎನ್ನುತ್ತ ಮೇಜು ಮುಟ್ಟುವವರು ನಮ್ಮ ನಗರಗಳಲ್ಲೂ ಉಂಟು. ಈ ನಂಬಿಕೆ ಬಂದದ್ದು ಇಂಗ್ಲಿಷಿನೊಂದಿಗೆ. ಮರದಲ್ಲಿ ದೇವತೆಗಳು ನೆಲೆಸಿದ್ದಾರೆಂಬ ಯುರೋಪಿನ ಪುರಾತನ ಭಾವನೆಯೇ ಇದರ ಮೂಲವೆಂದು ಕೆಲವರು, ಏಸುವಿನ ಶಿಲುಬೆಯೆಂದು ಕೆಲವರು ಹೇಳುವುದುಂಟು. ಆದರೆ ಇವನ್ನು ಈ ರೂಢಿಗೆ ಜೋಡಿಸುವ ಹಳೆಯ ದಾಖಲೆಗಳಿಲ್ಲ.

ಬ್ರಿಟನ್ನಿನ ಜಾನಪದ ವಿದ್ವಾಂಸ ಸ್ಟೀವ್ ರೌಡ್ ತೋರಿಸುವ ಮೂಲವೇ ಬೇರೆ: 19ನೇ ಶತಮಾನದ ಮಕ್ಕಳ ಮುಟ್ಟಾಟ 'ಟಿಗ್ಗಿ ಟಚ್‌ವುಡ್'. ಅದರಲ್ಲಿ ಮರ ಮುಟ್ಟಿ ನಿಂತವರನ್ನು ಹಿಡಿಯುವಂತಿರಲಿಲ್ಲ. ಆಟದ ಆ ರಕ್ಷಣೆಯೇ ದೊಡ್ಡವರ ಮಾತಿಗೂ ಇಳಿಯಿತು ಎನ್ನುತ್ತಾರೆ ಅವರು.

ಹಳೆಯದೆಂದು ತೋರುವುದೆಲ್ಲ ಹಳೆಯದಲ್ಲ. ಆದರೆ ಸುಖವನ್ನು ಬಾಯಿಬಿಟ್ಟು ಹೇಳಿದರೆ ಅದು ಕೈಜಾರೀತೆಂಬ ಅಳುಕು, ಮೊಮ್ಮಕ್ಕಳಿಗೆ ದೃಷ್ಟಿ ತೆಗೆಯುವ ನಮ್ಮ ಅಜ್ಜಿಯರಿಗೂ ಹೊಸದಲ್ಲ.